ರೈಟ್ ಅಂದರೆ ಬಲಕ್ಕೆ

ನಮ್ಮ ಕಡೆ ದಾರಿ ತಪ್ಪಿದರೆ ಯಾರೂ ಹೆದರುವುದಿಲ್ಲ. ಗಾಡಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಣ್ಣಾ, ಚೋರನೂರಿಗೆ ಹಿಂಗ ಹೋಗಬೇಕೇನ್ರೀ?" ಎಂದು ಕೂಗಿದರೆ ಸಾಕು. ಕಟ್ಟೆಯ ಮೇಲೆ ಕುಳಿತವರೆಲ್ಲ ಒಟ್ಟಿಗೆ ಕೈ ಎತ್ತುತ್ತಾರೆ. ಒಬ್ಬ ಎಡಕ್ಕೆ ತೋರಿಸುತ್ತಾನೆ. ಇನ್ನೊಬ್ಬ ಅವನನ್ನು ಬೈದು ಬಲಕ್ಕೆ ತೋರಿಸುತ್ತಾನೆ. ಮತ್ತೊಬ್ಬ ತಾನೂ ಆ ಕಡೆಗೇ ಹೊರಟಿದ್ದೇನೆಂದು ಗಾಡಿ ಹತ್ತಿಬಿಡುತ್ತಾನೆ. ಅಂತೂ ಊರು ಸೇರುತ್ತೇವೆ.

ಯಶವಂತನಗರದ ಮಲ್ಲಿಕಾರ್ಜುನನಿಗೆ ಅಷ್ಟು ಕೇಳುವ ಅಗತ್ಯವೂ ಬಿದ್ದಿರಲಿಲ್ಲ. ಗಣಿಯಿಂದ ಅದಿರು ತುಂಬಿಕೊಂಡು ಹೊಸಪೇಟೆಗೆ ಲಾರಿ ಓಡಿಸಿ ಓಡಿಸಿ ಅವನಿಗೆ ರಸ್ತೆಯ ಒಂದೊಂದು ಗುಂಡಿಯೂ ಪರಿಚಯವಾಗಿತ್ತು. ದಾರಿ ಬದಿಯ ಬೋರ್ಡುಗಳಿಗೆಲ್ಲ ಕೆಂಪು ಧೂಳು ಮೆತ್ತಿ ಒಂದಕ್ಷರವೂ ಕಾಣುತ್ತಿರಲಿಲ್ಲ. ಕಂಡರೂ ಅವನು ಓದುತ್ತಿರಲಿಲ್ಲ.

ಒಂದು ವರ್ಷ ಅವನಿಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತು. ಕೂಲಿಯವರನ್ನು ಅವರ ಕ್ಯಾಂಪಿನಿಂದ ಕೆಲಸದ ಜಾಗಕ್ಕೆ ವ್ಯಾನಿನಲ್ಲಿ ಕರೆದೊಯ್ಯಬೇಕು, ಸಂಜೆ ತಿರುಗಿ ತಂದುಬಿಡಬೇಕು. ಅವನ ಹೆಂಡತಿ ಗಂಗಾಂಬಿಕಾಳ ತಮ್ಮ, ಕಂಪ್ಲಿಯ ಹಂಪೇಶ, ಅಲ್ಲೇ ಡ್ರೈವರ್ ಆಗಿದ್ದ. ಅವನೇ ಮಾತಾಡಿ ಕೊಡಿಸಿದ ಕೆಲಸ ಅದು.

ಮನೆಯಲ್ಲಿ ಎಲ್ಲರಿಗೂ ಸಂತೋಷ. ಗಂಗಾಂಬಿಕಾಳಿಗೂ ಸಂತೋಷವೇ. ಆದರೆ ಸಂಡೂರು ಸಂತೆಯಲ್ಲಿ ಚೋರನೂರಿನ ಈಶ್ವರನನ್ನು ಕಂಡಾಗಿನಿಂದ ಅವಳ ಎದೆಯಲ್ಲಿ ಒಂದು ಕಲ್ಲು ಕುಳಿತಿತ್ತು. ಈಶ್ವರನೂ ಪರದೇಶಕ್ಕೆ ಡ್ರೈವರ್ ಆಗಿ ಹೋಗಿದ್ದ. ಅಲ್ಲಿ ದಾರಿ ತಪ್ಪಿ, ಊರಿನ ರೂಢಿಯಂತೆ ಕೇಳೋಣವೆಂದು ಹೆದ್ದಾರಿಯ ನಡುವೆ ಗಾಡಿ ನಿಲ್ಲಿಸಿದ. ಹಿಂದಿನಿಂದ ಬಂದ ಕಾರು ಗುದ್ದಿತು. ಈಗ ಕುಂಟುತ್ತಾ ಸಂತೆಯಲ್ಲಿ ಬೆಳ್ಳುಳ್ಳಿ ಮಾರುತ್ತಾನೆ.

ಹಂಪೇಶ ರಜೆಯ ಮೇಲೆ ಬಂದಾಗ ಅಕ್ಕನ ಮನೆಗೆ ಊಟಕ್ಕೆ ಬಂದ. ಚೀಲದಿಂದ ಅಂಗೈಯಗಲದ ಒಂದು ಡಬ್ಬಿ ತೆಗೆದು, ತಾನು ಮಾವ ಎಂದು ಕರೆಯುವ ಭಾವನ ಮುಂದಿಟ್ಟ.

"ಇದೇನಲೇ, ರೇಡಿಯೋ ಏನು?" ಎಂದ ಮಲ್ಲಿಕಾರ್ಜುನ.

"ಅಲ್ಲ ಮಾವ, ಜಿಪಿಎಸ್ಸು. ದಾರಿ ಹೇಳ್ತೈತಿ. ಹೋಗೋ ಜಾಗ ಇದ್ರಾಗ ಒತ್ತಿಬಿಟ್ರ, ಎಲ್ಲಿ ಎಡಕ್ಕ ಹೊಳ್ಳಬೇಕು, ಎಲ್ಲಿ ಬಲಕ್ಕ ಹೊಳ್ಳಬೇಕು, ಎಲ್ಲಾ ಮೊದ್ಲ ಕೂಗಿ ಹೇಳ್ತೈತಿ."

"ನನಗ ದಾರಿ ಹೇಳೋ ಡಬ್ಬಿ ಇನ್ನೂ ಹುಟ್ಟಿಲ್ಲ. ಲೇ, ನನ್ನ ಲಾರ್ಯಾಗ ಕ್ಲೀನರ್ ಆಗಿದ್ದಿ ನೀ. ಮರ್ತಿಯೇನು?"

"ಹೆಂಗ ಮರೀಲಿ? ನೀ ಸ್ಪ್ಯಾನರ್ ಒಗೆದಿದ್ದು ಇನ್ನೂ ತಲ್ಯಾಗ ಗುರ್ತು ಐತಿ."

ಮಲ್ಲಿಕಾರ್ಜುನನ ತಾಯಿ ಕೊಟ್ರಬಸಮ್ಮ ರೊಟ್ಟಿ ತಟ್ಟುತ್ತಾ ಅಲ್ಲಿಂದಲೇ ನಕ್ಕಳು. "ತಾಯಿ ಮಾತು ಕೇಳಂಗಿಲ್ಲ, ಹೆಂಡ್ತಿ ಮಾತು ಕೇಳಂಗಿಲ್ಲ, ಡಬ್ಬಿ ಮಾತು ಕೇಳ್ತಾನೇನಪ್ಪ ಇವ!"

"ನಗಬ್ಯಾಡ್ರಿ ಅತ್ತಿ," ಎಂದ ಹಂಪೇಶ. "ಅಲ್ಲಿ ದಾರಿ ಕೇಳಾಕ ಮಂದಿ ಸಿಗಂಗಿಲ್ಲ. ಚಾದಂಗಡಿ ಇಲ್ಲ, ಕಟ್ಟಿ ಇಲ್ಲ. ದೊಡ್ಡ ರೋಡಿನ್ಯಾಗ ಎಲ್ಲಾ ನೂರಿಪ್ಪತ್ತರ ಸ್ಪೀಡಿನ್ಯಾಗ ಬರ್ತಾವ. ಸ್ಟೇರಿಂಗ್ ಎಡಗಡೆ, ಗಾಡಿ ಓಡ್ಸೋದು ಬಲಗಡೆ. ಎಲ್ಲಾ ಉಲ್ಟಾ. ಹೊಸಬ ಅದನ್ನ ನೋಡ್ತಾನೋ, ದಾರಿ ಹುಡುಕ್ತಾನೋ? ದಾರಿ ಕೆಲಸ ಇದಕ್ಕ ಬಿಟ್ರ ಕಣ್ಣು ರೋಡಿನ ಮ್ಯಾಲೆ ಇರ್ತಾವ."

"ಹಂಗಾರ ಒತ್ತು, ನೋಡೂಣು. ಸಂಡೂರಿಗೆ ಹೆಂಗ ಹೋಗಬೇಕು ಅಂತ ಕೇಳು."

"ಇದ್ರಾಗ ಆ ದೇಶದ ನಕ್ಷೆ ಅಷ್ಟ ಐತಿ ಮಾವ. ಇಲ್ಲಿ ಇದು ಮೂಗ."

"ನಮ್ಮ ಸಂಡೂರ ಗೊತ್ತಿಲ್ಲ! ಭಾಳ ಶಾಣ್ಯಾ ಡಬ್ಬಿ ಬಿಡು!" ಮಲ್ಲಿಕಾರ್ಜುನ ಡಬ್ಬಿಯನ್ನು ಆಚೆ ತಳ್ಳಿ ರೊಟ್ಟಿ ಮುರಿದ.

ಗಂಗಾಂಬಿಕಾ ಡಬ್ಬಿಯನ್ನು ಕೈಗೆತ್ತಿಕೊಂಡಳು. "ಅಲ್ಲಿ ಇದು ಏನೇನು ಮಾತಾಡ್ತೈತಿ, ಹೇಳು ಹಂಪೇಶ. ಇಲ್ಲಿ ಇದರ ಬದ್ಲಿ ನಾ ಮಾತಾಡ್ತೀನಿ. ಇವ್ರು ನನ್ನ ಮಾತಿನ ಮ್ಯಾಲೆ ಗಾಡಿ ಓಡಿಸಿ ತೋರ್ಸಲಿ."

"ನಿಂಗೇನು ಹುಚ್ಚೇನು?" ಎಂದ ಗಂಡ.

"ಹುಚ್ಚರ ಅನ್ರಿ, ಏನರ ಅನ್ರಿ. ಪಾಸ್‌ಪೋರ್ಟ್ ನನ್ನ ಟ್ರಂಕಿನ್ಯಾಗ ಐತಿ, ಟ್ರಂಕಿನ ಕೀಲಿ ನನ್ನ ಕೊಳ್ಳಾಗ ಐತಿ. ಇದು ಕಲೀದ ನೀವು ವಿಮಾನ ಹತ್ತಂಗಿಲ್ಲ."

ಅವಳು ದನಿ ಏರಿಸಲಿಲ್ಲ. ಅದಕ್ಕೇ ಮಲ್ಲಿಕಾರ್ಜುನ ಒಪ್ಪಿಕೊಂಡ.

ಮರುದಿನ ಹಂಪೇಶ ಹೊಸಪೇಟೆಯ ಗೆಳೆಯನೊಬ್ಬನ ಟ್ರ್ಯಾಕ್ಸ್ ಜೀಪು ತಂದ. ಕಂಪ್ಲಿ ಕಡೆಯ ರಸ್ತೆಯಲ್ಲಿ ಅದಿರಿನ ಲಾರಿಗಳ ಕಾಟ ಕಡಿಮೆ; ಅಲ್ಲಿಗೇ ಹೋದರು. ಎರಡೂ ಕಡೆ ಭತ್ತದ ಗದ್ದೆ ತೆನೆ ಬಿಟ್ಟು ನಿಂತಿತ್ತು. ಮಲ್ಲಿಕಾರ್ಜುನನ ಪಕ್ಕದಲ್ಲಿ ಗಂಗಾಂಬಿಕಾ ಕುಳಿತಳು. ಡಬ್ಬಿ ಆಡುವ ಇಂಗ್ಲಿಷ್ ಮಾತುಗಳನ್ನು ಅವಳು ರಾತ್ರಿಯೇ ಬಾಯಿಪಾಠ ಮಾಡಿದ್ದಳು. ಹಿಂದೆ ಹಂಪೇಶ ಕುಳಿತು, ಎಲ್ಲಿ ಏನು ಹೇಳಬೇಕೆಂದು ಅವಳ ಕಿವಿಯಲ್ಲಿ ಹೇಳುತ್ತಿದ್ದ.

"ಟರ್ನ್ ಲೆಫ್ಟ್," ಎಂದಳು. ಮಲ್ಲಿಕಾರ್ಜುನ ಎಡಕ್ಕೆ ತಿರುಗಿಸಿದ.

"ನೋಡಿದ್ಯಾ? ಇದ್ರಾಗ ಕಲಿಯೋದು ಏನೈತಿ?" ಎಂದು ಮೀಸೆ ತೀಡಿದ.

ಮುಂದೆ ಕಾಲುವೆ ಬಂತು. ಅಲ್ಲಿ ಡಾಂಬರು ರಸ್ತೆ ಬಲಕ್ಕೆ ಹೊರಳುತ್ತದೆ. ನೇರಕ್ಕೆ ಹೋದರೆ ಕಾಲುವೆ ಏರಿಯ ಮಣ್ಣುದಾರಿ.

"ಟರ್ನ್ ರೈಟ್," ಎಂದಳು ಗಂಗಾಂಬಿಕಾ.

ಗಾಡಿ ತಿರುಗಲಿಲ್ಲ. ಮಲ್ಲಿಕಾರ್ಜುನನ ಕಾಲು ಆಕ್ಸಿಲರೇಟರ್ ಒತ್ತಿತು. ಟ್ರ್ಯಾಕ್ಸ್ ನೇರ ಏರಿಯ ಮೇಲೆ ನುಗ್ಗಿತು. ಎದುರಿಗೆ ಒಬ್ಬ ಹೆಂಗಸು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು, ಎಮ್ಮೆ ಹೊಡೆದುಕೊಂಡು ಬರುತ್ತಿದ್ದಳು. ಗಂಗಾಂಬಿಕಾ ಕಿರುಚಿದಳು. ಬ್ರೇಕು ಬಿತ್ತು. ಧೂಳು ಇಳಿದಾಗ ಎಮ್ಮೆಯ ಮೂಗು ಬಂಪರಿಗೆ ತಾಗಿತ್ತು. ಒಂದು ಗಾಲಿ ಏರಿಯ ಅಂಚಿನಲ್ಲಿತ್ತು, ಕೆಳಗೆ ಕಾಲುವೆಯ ನೀರು.

ಆ ಹೆಂಗಸು ಹೊರೆ ಇಳಿಸಿ ಸೊಂಟದ ಮೇಲೆ ಕೈಯಿಟ್ಟಳು. "ಏನಪ್ಪಾ, ಗಾಡಿ ಓಡ್ಸಾಕ ಬರಂಗಿಲ್ಲಂದ್ರ ಇಳಿದು ಈ ಎಮ್ಮಿ ಕಾಯಿ. ನಾ ಗಾಡಿ ಓಡಿಸ್ತೀನಿ!"

ಯಾವಾಗಲೂ ಬಾಯಿಗೆ ಬಾಯಿ ಕೊಡುವ ಮಲ್ಲಿಕಾರ್ಜುನ ಅವಳಿಗೆ ಕೈ ಮುಗಿದ. ಅವಳು ಗೊಣಗುತ್ತಾ ಎಮ್ಮೆ ಹೊಡೆದುಕೊಂಡು ಹೋದಳು. ಆಮೇಲೆ ಅವನು ಹೆಂಡತಿಯ ಕಡೆ ತಿರುಗಿದ.

"ನೀನ ರೈಟ್ ಅಂದಿ!"

"ರೈಟ್ ಅಂದ್ರ ಬಲಕ್ಕ, ಬಲಕ್ಕ! ನೇರ ಯಾಕ ಬಿಟ್ರಿ?"

"ರೈಟ್ ಅಂದ್ರ ಹೋಗು ಅಂತ! ಕ್ಲೀನರ್ ಹಿಂದ ಬಾಡಿ ಬಡಿದು ರೈಟ್ ರೈಟ್ ಅಂದ್ರ ಏನು ಮಾಡ್ತಾರ? ಗಾಡಿ ಬಿಡ್ತಾರ. ಬಸ್ಸಿನ್ಯಾಗ ಕಂಡಕ್ಟರ್ ರೈಟ್ ಅಂದ್ರ? ಬಸ್ ಬಿಡ್ತಾರ!"

ಹಂಪೇಶನಿಗೆ ನಗು ಬರಲಿಲ್ಲ. "ಮಾವ, ನಿನ್ನ ಕಿವಿಯಾಗ ಆ ರೈಟ್ ತುಂಬಿದವ ನಾನ. ಅಷ್ಟು ವರ್ಷ ನಿನ್ನ ಲಾರಿ ಹಿಂದ ನಿಂತು ಕೂಗೀನಿ. ನಿನ್ನ ತಲಿಗೆ ಅರ್ಥ ಗೊತ್ತೈತಿ, ನಿನ್ನ ಕಾಲಿಗೆ ಗೊತ್ತಿಲ್ಲ. ಇಲ್ಲಿ ಎಮ್ಮಿ ಇತ್ತು, ನಿಂತಿ. ಅಲ್ಲಿ ನಿನ್ನ ಹಿಂದ ವ್ಯಾನ್ ತುಂಬ ಮಂದಿ ಇರ್ತಾರ. ಅವ್ರಿಗೂ ಮನಿ ಐತಿ, ಹೆಂಡ್ರು ಮಕ್ಳು ಅದಾರ."

ಮಲ್ಲಿಕಾರ್ಜುನ ಇಳಿದು ಅಂಚಿನಲ್ಲಿದ್ದ ಗಾಲಿ ನೋಡಿ ಬಂದು ರಿವರ್ಸ್ ಗೇರ್ ಹಾಕಿದ.

"ಗಂಗಾ," ಎಂದ. "ಇನ್ನೊಮ್ಮೆ ಹೇಳು. ಹಿಂದಕ್ಕ ಹೋಗಿ ಮತ್ತ ಬರ್ತೀನಿ."

ಅಂದಿನಿಂದ ಆ ಮನೆಯಲ್ಲಿ 'ರೈಟ್' ಎಂಬ ಮಾತಿಗೆ ಒಂದೇ ಅರ್ಥ. ನೀರು ಬೇಕೆಂದರೆ ಗಂಗಾಂಬಿಕಾ ಚೊಂಬು ಹಿಡಿದು ನಿಂತು "ಟರ್ನ್ ರೈಟ್" ಎನ್ನುವಳು. ಅವನು ಬಲಕ್ಕೆ ಹೊರಳಿದರೆ ನೀರು, ಇಲ್ಲದಿದ್ದರೆ ಇಲ್ಲ. ಕೊಟ್ರಬಸಮ್ಮನೂ ಸೇರಿಕೊಂಡಳು. ಮಗ ಚಪ್ಪಲಿ ಹುಡುಕುತ್ತಿದ್ದರೆ ಹೊರಸಿನ ಮೇಲಿಂದಲೇ, "ಟರ್ನ್ ಲೆಪ್ಟು! ಲೆಪ್ಟು ಅಂದ್ನೆಪ್ಪ, ಕಿವಿ ಕೇಳಂಗಿಲ್ಲೇನು?" ಎಂದು ಕೂಗುವಳು. ಓಣಿಯವರು ನಕ್ಕರು. ಗಂಗಾಂಬಿಕಾ ನಗುವವರನ್ನು ನಗಲು ಬಿಟ್ಟಳು.

ಮಸ್ಕತ್ತಿನಲ್ಲಿ ನಾಲ್ಕು ರಸ್ತೆ ಕೂಡುವ ಕಡೆ ದೊಡ್ಡ ದೊಡ್ಡ ಸರ್ಕಲ್‌ಗಳು ಇರುತ್ತವೆ. "ಸೆಕೆಂಡ್ ಎಕ್ಸಿಟ್" ಎಂದು ಡಬ್ಬಿ ಹೇಳುತ್ತದೆ. ಹಂಪೇಶ ತಟ್ಟೆಯಲ್ಲಿ ಜೋಳದ ರೊಟ್ಟಿ ಇಟ್ಟು, ಸುತ್ತ ಹಸಿಮೆಣಸಿನಕಾಯಿ ಜೋಡಿಸಿದ. "ರೊಟ್ಟಿ ಸರ್ಕಲ್, ಮೆಣಸಿನಕಾಯಿ ರೋಡು. ನಮ್ಮಲ್ಲಿ ಸರ್ಕಲ್ ಬಲಕ್ಕ ಬಿಟ್ಟು ಸುತ್ತಾಕ್ತೀವಿ, ಅಲ್ಲಿ ಎಡಕ್ಕ ಬಿಟ್ಟು ಸುತ್ತಾಕ್ತಾರ. ಮೊದ್ಲ ಒಳಗಿರೋ ಗಾಡಿ ಹೋಗಬೇಕು, ಆಮ್ಯಾಲೆ ನೀನು. ಮೊದಲನೇ ರೋಡು ಬಿಡು, ಎರಡನೇದ್ರಾಗ ಹೊರಗ ಬೀಳು." ಮಲ್ಲಿಕಾರ್ಜುನ ಒಂದು ಶೇಂಗಾ ಬೀಜವನ್ನು ರೊಟ್ಟಿಯ ಸುತ್ತ ಓಡಿಸಿ ಓಡಿಸಿ ಕಲಿತ. ಕಲಿಯುವಷ್ಟರಲ್ಲಿ ರೊಟ್ಟಿ ತಣ್ಣಗಾಯಿತು.

ಮತ್ತೊಂದು ದಿನ, ರೂಢಿಯಾಗಲೆಂದು, ಆ ಮೂಗ ಡಬ್ಬಿಯನ್ನೇ ಟ್ರ್ಯಾಕ್ಸಿನ ಗಾಜಿನ ಕೆಳಮೂಲೆಗೆ ಅಂಟಿಸಿ ಹೊರಟರು. ಗಾಡಿ ಓಡುತ್ತಿರುವಾಗಲೇ ಮಲ್ಲಿಕಾರ್ಜುನ ಅದನ್ನು ಒತ್ತಲು ಕೈ ಚಾಚಿದ. ಹಂಪೇಶ ಹಿಂದಿನಿಂದ ಅವನ ಕೈ ಹಿಡಿದ.

"ಇಲ್ಲೇ ನೋಡು ಸಾಯೋದು. ಒತ್ತೋದೆಲ್ಲ ಗಾಡಿ ಬಿಡೋಕಿಂತ ಮೊದ್ಲ. ನಡುವ ಬದಲಿ ಮಾಡಬೇಕಂದ್ರ, ನಿಲ್ಲಿಸೋ ಜಾಗದಾಗ ನಿಲ್ಲಿಸಿ ಒತ್ತು. ಓಡ್ಸುವಾಗ ಕಿವಿ ಅದಕ್ಕ ಕೊಡು, ಕಣ್ಣು ಕೊಡಬ್ಯಾಡ."

"ಹೊಳ್ಳೋ ಜಾಗ ತಪ್ಪಿಹೋದ್ರ? ರಿವರ್ಸ್ ತಗೊಂತೀನಿ."

"ಹುಚ್ಚಪ್ಪಾ! ಹೆದ್ದಾರ್ಯಾಗ ರಿವರ್ಸ್ ಅಂದ್ರ ಜೀವ ಹೋತು. ತಪ್ಪಿದ್ರ ತಪ್ಪಲಿ, ಮುಂದ ಹೋಗ್ತಿರು. ಅದು ತಾನ ಹೊಸ ದಾರಿ ಹುಡುಕಿ ಹೇಳ್ತೈತಿ. ನಮ್ಮಕ್ಕನಂಗ ಬೈಯ್ಯಂಗಿಲ್ಲ ಅದು."

"ನಾ ಬೈತೀನಿ," ಎಂದಳು ಗಂಗಾಂಬಿಕಾ. "ಬೈಸ್ಕಂಡಾದ್ರೂ ಕಲೀರಿ."

ದೀಪಾವಳಿ ಮುಗಿದ ಮೇಲೆ ಹೊಸಪೇಟೆಯಿಂದ ಕಂಪ್ಲಿಯವರೆಗೆ ಅವಳ ದನಿಯೊಂದನ್ನೇ ಕೇಳಿಕೊಂಡು ಅವನು ಗಾಡಿ ಓಡಿಸಿದ. ಅವಳು ಬೇಕೆಂದೇ ಅಡ್ಡದಾರಿಗಳಿಗೆ ತಿರುಗಿಸಿದಳು. ಅವನು ಒಂದು ಕಡೆ ತಪ್ಪಿದ, ಆದರೆ ಬ್ರೇಕು ಹಾಕಿ ನಡುರಸ್ತೆಯಲ್ಲಿ ನಿಲ್ಲಲಿಲ್ಲ. ಮುಂದೆ ಹೋಗಿ, ಜಾಗ ನೋಡಿ ತಿರುಗಿಸಿಕೊಂಡು ಬಂದ. ಒಂದು ಕಡೆ ಅವಳು "ಟರ್ನ್ ಲೆಫ್ಟ್" ಎಂದಾಗ ಅವನು ತಿರುಗಿಸಲೇ ಇಲ್ಲ. "ಬೋರ್ಡ್ ನೋಡು, ಇದು ಒಳಗ ಬಿಡೋ ದಾರಿ ಅಲ್ಲ. ಬೋರ್ಡ್ ದೊಡ್ಡದೋ, ಡಬ್ಬಿ ದೊಡ್ಡದೋ?" ಎಂದ. ಬೋರ್ಡು ಓದದ ಮನುಷ್ಯ ಬೋರ್ಡು ಓದಿದ್ದ. ಮನೆಗೆ ಬಂದವಳೇ ಗಂಗಾಂಬಿಕಾ ಟ್ರಂಕು ತೆಗೆದು ಪಾಸ್‌ಪೋರ್ಟನ್ನು ಅವನ ಕೈಯಲ್ಲಿಟ್ಟಳು.

ಮಲ್ಲಿಕಾರ್ಜುನ ಹೋದ. ಅಲ್ಲಿಯ ಲೈಸೆನ್ಸ್ ಪರೀಕ್ಷೆ ಕೊಟ್ಟು ಪಾಸಾದ. ವ್ಯಾನಿನ ಕೆಲಸ ಶುರುವಾಯಿತು. ವಾರಕ್ಕೊಮ್ಮೆ ಫೋನು ಬರುತ್ತಿತ್ತು. ಒಂದು ಭಾನುವಾರ ಅವನ ದನಿ ಬೇರೆಯಾಗಿತ್ತು.

"ಗಂಗಾ, ನಿನ್ನೆ ಇಲ್ಲಿ ಮಳಿ ಬಂತು. ರೋಡಿನ ಮ್ಯಾಲೆ ಹಳ್ಳ ಬಂದುಬಿಡ್ತು. ಗುಡ್ಡದ ನೀರು, ನಮ್ಮ ಕಡೀ ಹಂಗ ಕೆಂಪಗ. ಡಬ್ಬಿ ನೇರ ಹೋಗು ಅಂತೈತಿ. ಹಿಂದ ಕುಂತವ್ರು ಡ್ಯೂಟಿಗೆ ಲೇಟಾತು, ಬಿಡು ಬಿಡು ಅಂತ ಒಂದ ಸವನ ಗದ್ಲ."

"ನೀವೇನು ಮಾಡಿದ್ರಿ?"

"ಗಾಡಿ ಎತ್ತರಕ್ಕ ತಂದು ನಿಲ್ಲಿಸಿ, ಕೀಲಿ ತಗದು ಜೇಬಿನ್ಯಾಗ ಹಾಕ್ಕಂಡೆ. ಬೈದ್ರು, ಬೈಸ್ಕಂಡೆ. ನಮ್ಮ ಕಣ್ಮುಂದ ಒಂದು ಕಾರು ನೀರಿಗಿಳೀತು. ಅರ್ಧಕ್ಕ ಹೋಗಿ ತೇಲಾಕ ಹತ್ತಿತು. ಒಳಗಿನವ್ರನ್ನ ಹಗ್ಗ ಹಾಕಿ ಎಳೆದ್ವಿ. ಜೀವ ಉಳೀತು, ಕಾರು ಹೋತು. ಆಮ್ಯಾಲೆ ನಮ್ಮ ವ್ಯಾನಿನವ್ರ ನೀರು ಇಳೀಲಿ ಬಿಡು ಅಂದ್ರು."

"ಡಬ್ಬಿಗೆ ಹಳ್ಳ ಕಾಣಲಿಲ್ಲೇನು?"

"ಎಲ್ಲಿ ಕಾಣಬೇಕು? ದಾರಿ ಅದಕ್ಕ ಗೊತ್ತು. ನೀರು ನನಗ ಗೊತ್ತು."

ಗಂಗಾಂಬಿಕಾ ಸೆರಗಿನಿಂದ ಮುಖ ಒರೆಸಿಕೊಂಡಳು. ಕೊಟ್ರಬಸಮ್ಮ ಫೋನು ಕಿತ್ತುಕೊಂಡು, "ಉಂಡ್ಯಾ ಮಗನೇ?" ಎಂದು ಕೇಳಿದಳು.

ಅಕ್ಕಂದಿರೇ, ಅಣ್ಣಂದಿರೇ, ಈಗ ನಮ್ಮ ಊರುಗಳಿಂದ ಎಷ್ಟೋ ಮಂದಿ ಪರದೇಶಕ್ಕೆ ಗಾಡಿ ಓಡಿಸಲು ಹೋಗುತ್ತಿದ್ದಾರೆ. ನಿಮ್ಮ ಮನೆಯವರೂ ಹೊರಟಿದ್ದರೆ ಬಟ್ಟೆ, ಚಟ್ನಿಪುಡಿ ಕಟ್ಟಿಕೊಡುವ ಮೊದಲು ಈ ದಾರಿಯ ಡಬ್ಬಿ ಬಲ್ಲವರ ಹತ್ತಿರ ಕೂರಿಸಿ ಕಲಿಸಿ. ಅದು ಆಡುವ ನಾಲ್ಕು ಮಾತುಗಳ ಅರ್ಥ ತಲೆಗೆ ಗೊತ್ತಿದ್ದರೆ ಸಾಲದು, ಕೈಕಾಲಿಗೂ ಗೊತ್ತಾಗುವ ತನಕ ಆಡಿಸಿ. ಡಬ್ಬಿಯನ್ನು ರಸ್ತೆ ಮರೆಯಾಗದ ಹಾಗೆ ಇಡಬೇಕು, ಅದನ್ನು ಎಲ್ಲಿ ಇಡಬಹುದೆಂದು ಆ ದೇಶದ ಕಾನೂನನ್ನೂ ಕೇಳಿ ತಿಳಿಯಬೇಕು. ಕ್ಯಾಂಪಿನ ವಿಳಾಸ ಅದರಲ್ಲಿ ಒತ್ತಿಟ್ಟುಕೊಳ್ಳಲಿ. ಡಬ್ಬಿ ಕೆಟ್ಟು ನಿಂತ ದಿನಕ್ಕಾಗಿ ಒಂದು ಚೀಟಿಯಲ್ಲೂ ಬರೆದು ಜೇಬಿನಲ್ಲಿಟ್ಟುಕೊಳ್ಳಲಿ. ಪೊಲೀಸರು ಬೇರೆ ಕಡೆ ಕೈ ತೋರಿಸಿದರೆ ಅವರು ಹೇಳಿದಂತೆಯೇ ಹೋಗಲಿ.

ಕಲಿಯುವುದಿಲ್ಲ ಎಂದು ಹಟ ಹಿಡಿದರೆ ನೀವೂ ಹಟ ಹಿಡಿಯಿರಿ. ಗಾಡಿಯಲ್ಲಿ ಕೂರುವವರು ಅವರೊಬ್ಬರೇ ಅಲ್ಲ.