ಎರಡು ಗಂಟೆಗೆ ಮೊದಲು ಏನಾಗಿತ್ತು

ಆಗಿಹೋದ ಮಾತಿಗೂ ಇಂಗ್ಲಿಷಿನಲ್ಲಿ ಎರಡು ದಾರಿ ಇವೆ ಎಂದು ಅಲ್ಗನೇಶ್‌ಗೆ ತಿಳಿದದ್ದು ಟೊರಾಂಟೊಗೆ ಬಂದ ಮೇಲೆ. 'ಹೋದೆ' ಒಂದು, 'ಹೋಗಿದ್ದೆ' ಇನ್ನೊಂದು. ಆದ ಎರಡು ಸಂಗತಿಗಳಲ್ಲಿ ಮೊದಲು ಆದದ್ದಕ್ಕೆ 'ಹ್ಯಾಡ್' ಸೇರಿಸಬೇಕು. ಚರ್ಚಿನ ನೆಲಮಾಳಿಗೆಯಲ್ಲಿ ಪುಕ್ಕಟೆ ಪಾಠ ಹೇಳುವ ಲೋರ್ನಾ ಮೇಡಂ ಇದನ್ನು ಅವಳಿಗೆ ಅರೆದು ಕುಡಿಸಿದ್ದರು.

"ಸೈನಿಕರು ಬಂದ್ರು, ನೀನು ಓಡಿದೆ. ಯಾವ್ದು ಮೊದ್ಲು?"

"ಅವರು ಬಂದದ್ದು ಮೇಡಂ."

"ಮತ್ತೆ 'ಓಡಿಹೋಗಿದ್ದೆ' ಅಂತ ಯಾಕಮ್ಮಾ ಬರ್ದೆ? ಅವ್ರು ಬರೋ ಹೊತ್ತಿಗೆ ನೀನು ಮನೇಲೇ ಇರ್ಲಿಲ್ಲ ಅಂತಾಗುತ್ತೆ. ಕಣ್ಣಲ್ಲೇ ಕಾಣದ ಸೈನಿಕರಿಗೆ ಹೆದರಿ ಬಂದೋಳಿಗೆ ಇಲ್ಲಿ ಯಾರು ಜಾಗ ಕೊಡ್ತಾರೆ?"

ಮೇಡಂ ನಕ್ಕೇ ಹೇಳಿದ್ದರು. ಅಲ್ಗನೇಶ್ ಮಾತ್ರ ಆ ಸಾಲನ್ನು ಹೊಡೆದುಹಾಕಿ ಮತ್ತೆ ಬರೆದಿದ್ದಳು. ಆಶ್ರಯ ಕೇಳಿ ಹಾಕಿದ ಅರ್ಜಿಯ ವಿಚಾರಣೆಯಲ್ಲಿ ಒಂದು ಮಾತು ತಪ್ಪಿದರೆ ಅವಳನ್ನು ಅವಳ ಊರು ಆಡಿಸ್ ಅಬಾಬಕ್ಕೆ ವಾಪಸ್ ಕಳಿಸುತ್ತಾರೆ. ವಿಮಾನ ಇಳಿದಲ್ಲೇ ಹಿಡಿಯಲು ಅಲ್ಲಿ ಜನ ಕಾದಿದ್ದಾರೆ.

ಅವಳ ತಾಯಿನುಡಿ ಅಮ್ಹಾರಿಕ್ ಬಲ್ಲ ದುಭಾಷಿಯನ್ನು ಸರಕಾರವೇ ಕೊಡುತ್ತದೆ. ಅವಳು ಬೇಡ ಎಂದಿದ್ದಳು. ಒಂದೇ ಕೋಣೆಯಲ್ಲಿದ್ದ ಗೆಳತಿ ವೊಯ್ನ್‌ಶೆತ್ ಕಾಫಿ ಬಗ್ಗಿಸುತ್ತ ಮೂದಲಿಸಿದ್ದಳು.

"ಪುಕ್ಕಟೆ ಸಿಕ್ಕಿದ್ದನ್ನೂ ಬೇಡ ಅಂತಾಳೆ! ಇಂಗ್ಲಿಷ್ ರಾಣಿ ಬಂದ್ಲು ನೋಡ್ರಪ್ಪಾ!"

"ಅವನು ನಮ್ಮೂರೋನೇ ಕಣೇ. ಇಲ್ಲಿ ಕೇಳಿದ್ದನ್ನ ಅಲ್ಲಿ ಯಾರ ಕಿವಿಗೆ ಹಾಕ್ತಾನೋ?"

ವೊಯ್ನ್‌ಶೆತ್‌ಳ ನಗು ನಿಂತಿತ್ತು. ಹಾಗೆ ಆದದ್ದನ್ನು ಅವಳೂ ಕೇಳಿದ್ದಳು. ಸೈನಿಕರು ಬಂದ ದಿನ ಅಲ್ಗನೇಶ್ ಜೊತೆ ಹಿತ್ತಲ ಗೋಡೆ ಹಾರಿದ ಅವಳ ತಮ್ಮ ಇನ್ನೂ ಆ ದೇಶದಲ್ಲೇ ಅಡಗಿದ್ದಾನೆ. ಎಲ್ಲಿ ಎಂದು ಬಲ್ಲವಳು ಅಲ್ಗನೇಶ್ ಒಬ್ಬಳೇ. ಟೊರಾಂಟೊದ ಡ್ಯಾನ್‌ಫೋರ್ತ್ ಬೀದಿಯಲ್ಲಿ ಊರಿನವರು ಎಷ್ಟೊಂದು ಜನ ಇದ್ದಾರೆ. ಒಬ್ಬರ ಮುಂದೂ ಅವಳು ಅವನ ಹೆಸರೆತ್ತಿರಲಿಲ್ಲ.

ವಿಚಾರಣೆಯ ಕೋಣೆ ಚಿಕ್ಕದು. ಎದುರಿಗೆ ತೀರ್ಪು ಕೊಡುವ ಹಿರಿಯರು, ಪಕ್ಕದಲ್ಲಿ ಕೈತುಂಬ ಕೇಸಿರುವ ವಕೀಲ. ಬೇಡ ಎಂದರೂ ಮೂಲೆಯಲ್ಲಿ ದುಭಾಷಿ ಕೂತಿದ್ದ; ಅಗತ್ಯ ಬಿದ್ದೀತೆಂದು ಕರೆಸಿದ್ದರಂತೆ. ಅವನನ್ನು ಕಂಡೊಡನೆ ಅವಳು ತನ್ನ ಕುರ್ಚಿಯನ್ನು ಇನ್ನಷ್ಟು ಈಚೆಗೆ ಎಳೆದುಕೊಂಡಳು.

"ಸೈನಿಕರು ಬಂದಾಗ ಎಷ್ಟು ಗಂಟೆ?"

"ಎರಡು. ಹಗಲು ಎರಡು ಗಂಟೆ."

"ನಿಮ್ಮ ವಿಮಾನ ಅವತ್ತೇ ಮಧ್ಯಾಹ್ನ ಒಂದಕ್ಕೆ ಹೊರಟಿದೆ. ಟಿಕೆಟ್ ಇಲ್ಲಿದೆ. ಅಂದ್ರೆ ಸೈನಿಕರು ಬಂದಾಗ ನೀವು ದೇಶಾನೇ ಬಿಟ್ಟಿದ್ರಿ?"

ಆ ಇಂಗ್ಲಿಷ್ ಪ್ರಶ್ನೆಯಲ್ಲಿ 'ಹ್ಯಾಡ್' ಎಂಬ ಸದ್ದಷ್ಟೇ ಅವಳ ಕಿವಿಗೆ ಬಿತ್ತು. ಅಯ್ಯೋ, ಮತ್ತೆ ಅದೇ ತಪ್ಪು ಮಾಡಿದೆನೇ?

"ಇಲ್ಲ, ಬಿಟ್ಟೆ. ಅವರು ಬಂದಿದ್ರು, ನಾನು ಬಿಟ್ಟೆ."

"ಒಂದಕ್ಕೆ ಹೊರಟೋರು ಎರಡಕ್ಕೆ ಮನೇಲಿ ಹೇಗಿದ್ರಿ?"

"ಅವರು ಬಂದ್ರು... ನಾನು ಬಿಟ್ಟಿದ್ದೆ... ಅಲ್ಲ, ಅಲ್ಲ..."

ಪಾಪ, ತೂತು ಎಲ್ಲೋ ಇತ್ತು, ಅವಳು ತೇಪೆ ಹಾಕುತ್ತಿದ್ದದ್ದು ಇನ್ನೆಲ್ಲಿಗೋ. ಹೇಳಿದ್ದೆಲ್ಲ ನಿಜವಾದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಮುಖವಾಗಿತ್ತು ಅವಳದು. ವಕೀಲ ಸುಮ್ಮನೆ ಹಾಳೆ ತಿರುವಿದ. ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಮೂಲೆಯಿಂದ ಕೆಮ್ಮು ಕೇಳಿಸಿತು.

"ಸ್ವಾಮಿ, ನಾನು ಮಧ್ಯೆ ಬಾಯಿ ಹಾಕೋ ಹಾಗಿಲ್ಲ, ಗೊತ್ತು. ಆದ್ರೂ ಅವರನ್ನ ಒಂದೇ ಒಂದು ಮಾತು ಕೇಳ್ಲಾ?"

ಹಿರಿಯರು ಹುಬ್ಬು ಗಂಟಿಕ್ಕಿ, ಕೊನೆಗೆ ಆಗಲಿ ಎಂದರು. ದುಭಾಷಿ ಅಮ್ಹಾರಿಕ್‌ನಲ್ಲಿ ಕೇಳಿದ: "ಅಕ್ಕಾ, ಎರಡು ಅಂದ್ರೆ ಯಾವ ಎರಡು? ನಮ್ಮದಾ, ಇವ್ರದಾ?"

ಅವಳು ಹಣೆ ಹಿಡಿದುಕೊಂಡಳು. ಅವರ ಊರಿನಲ್ಲಿ ಸೂರ್ಯ ಹುಟ್ಟಿದ ಮೇಲೆ ಗಂಟೆಗಳ ಎಣಿಕೆ ಶುರು. ಇಲ್ಲಿಯವರು ಬೆಳಗಿನ ಎಂಟು ಎನ್ನುವುದು ಅಲ್ಲಿಯವರ ಬಾಯಲ್ಲಿ ಎರಡು. ವಿಮಾನದವರು ಮಾತ್ರ ಪರದೇಶದ ಗಂಟೆಯನ್ನೇ ಬರೆಯುತ್ತಾರೆ. ತಿಂಗಳುಗಟ್ಟಲೆ ಒಂದೊಂದು ಕ್ರಿಯಾಪದವನ್ನೂ ತಿಕ್ಕಿ ತೊಳೆದಿದ್ದಳು. ಗಡಿಯಾರವನ್ನೂ ಇಂಗ್ಲಿಷಿಗೆ ತಿರುಗಿಸಬೇಕೆಂದು ಅವಳಿಗೂ ಹೊಳೆದಿರಲಿಲ್ಲ, ಮೇಡಂಗೂ ಹೊಳೆದಿರಲಿಲ್ಲ.

"ನಮ್ಮದು," ಎಂದಳು. ದುಭಾಷಿ ಅದನ್ನು ಬಿಡಿಸಿ ಹೇಳಿದ.

"ಬೆಳಿಗ್ಗೆ ಎಂಟು. ಸರಿ," ಎಂದು ಹಿರಿಯರು ಬರೆದುಕೊಂಡರು. "ಇಂಥದ್ದು ಇನ್ನೂ ಇರಬಹುದು. ಮುಂದಿನದನ್ನ ಇವರ ಮೂಲಕ ಹೇಳ್ತೀರಾ, ಇಂಗ್ಲಿಷಲ್ಲೇ ಹೇಳ್ತೀರಾ? ನಿಮ್ಮಿಷ್ಟ."

ಅಲ್ಗನೇಶ್ ಅವನ ಕಡೆ ನೋಡಿದಳು. ಉಪಕಾರ ಮಾಡಿದವನನ್ನು ಅನುಮಾನಿಸಿದರೆ ಪಾಪ. ಅನುಮಾನಿಸದಿದ್ದರೆ, ಅವಳು ಕಂಡ ಲೋಕದಲ್ಲಿ, ಪ್ರಾಣಕ್ಕೇ ಕುತ್ತು. ಆದರೆ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಎಡವುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ.

"ಇವರೇ ಹೇಳ್ಲಿ."

"ಅವತ್ತು ಮನೇಲಿ ಜೊತೆಗೆ ಯಾರಿದ್ರು?"

"ನನ್ನ ತಮ್ಮ."

"ಹೆಸರು?"

ದುಭಾಷಿಯ ಪೆನ್ನು ಕಾಗದದ ಮೇಲೆ ಕಾದಿತ್ತು. ಅವಳು ಸೆರಗಿನಂತೆ ಹೊದ್ದ ನೆತೆಲಾದ ಅಂಚನ್ನು ಬಿಗಿಹಿಡಿದಳು.

"ಯಾರೆದ್."

ಅವನು ಬರೆದುಕೊಂಡ. ಬರೆಯುವುದು ಅವನ ಕೆಲಸವೇ ಇರಬಹುದು, ಆದರೂ ಅವಳ ಕಣ್ಣು ಆ ಕಾಗದ ಬಿಟ್ಟು ಕದಲಲಿಲ್ಲ. ಹಿರಿಯರು ಮುಂದಿನ ಪ್ರಶ್ನೆ ಕೇಳಿದರು, ದುಭಾಷಿ ಅದನ್ನು ಮೆಲ್ಲಗೆ ಅವಳ ಕಡೆ ತಿರುಗಿಸಿದ.

"ಈಗ ಎಲ್ಲಿದ್ದಾನೆ ಅಕ್ಕಾ?"

ಅಲ್ಗನೇಶ್ ತಾಯಿನುಡಿಯಲ್ಲಿ, ಒಂದಿಷ್ಟೂ ತಡವರಿಸದೆ, ಆ ದಿನದ ಮೊದಲ ಸುಳ್ಳು ಹೇಳಿದಳು.

"ಗೊತ್ತಿಲ್ಲ."

ದುಭಾಷಿ ಅದನ್ನು ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದ. ಹಿರಿಯರು ತಲೆಯಾಡಿಸಿ ಬರೆದುಕೊಂಡರು.