ಇತಿಹಾಸಕ್ಕೆ ಇನ್ನೊಬ್ಬಳು

ಸೋಮವಾರದೊಳಗೆ ಇನ್ನೊಂದು ಅಡ್ಮಿಷನ್ ಆಗದಿದ್ದರೆ ತರೀಕೆರೆಯ ಕಾಲೇಜಿನಲ್ಲಿ ಇತಿಹಾಸ ವಿಭಾಗಕ್ಕೆ ಬೀಗ. ಬೀಗ ಬಿದ್ದರೆ ಅತಿಥಿ ಉಪನ್ಯಾಸಕಿ ಭುವನಾಳೂ ಮನೆಗೆ. ಅತಿಥಿಯಂತೆ! ವರ್ಷಗಟ್ಟಲೆ ಹೊಸ್ತಿಲ ಮೇಲೇ ನಿಲ್ಲಿಸಿಕೊಂಡ ಅತಿಥಿಯನ್ನು ಯಾವ ಊರವರು ಕಂಡಿದ್ದಾರೆ?

ಬೇಸಿಗೆ ಬಂತೆಂದರೆ ಓಟು ಕೇಳುವವರ ಹಾಗೆ ಮೇಷ್ಟ್ರುಗಳು ಮನೆಮನೆ ತಿರುಗಿ ಮಕ್ಕಳನ್ನು ಬೇಡುವುದು ಈಗಿನ ವಾಡಿಕೆ. ಭುವನಾಳೂ ಅರ್ಜಿ ಹಿಡಿದು ಅಜ್ಜಂಪುರದ ಬಸ್ಸು ಹತ್ತಿದಳು.

ಅಲ್ಲಿ ರೈತ ಸಿದ್ದಪ್ಪ ತನ್ನ ಮನೆಯ ಜಗಲಿಯ ಮುಂದೆ ತೆಂಗಿನಕಾಯಿ ಸುಲಿಯುತ್ತಿದ್ದ. ಪಿಯುಸಿ ಮುಗಿಸಿದ ಅವನ ಮಗಳು ನಿಶ್ಚಿತಾ ಓಡಿಬಂದಳು. ಹೋದ ವರ್ಷ ಆ ಊರಲ್ಲಿ ನಡೆದ ಎನ್ನೆಸ್ಸೆಸ್ ಕ್ಯಾಂಪಿನಲ್ಲಿ ಅವಳಿಗೆ ಹಳೆಯ ಲಿಪಿ ತೋರಿಸಿಕೊಟ್ಟವಳು ಭುವನಾನೇ.

"ಮಿಸ್, ನಮ್ ತೋಟದ ವೀರಗಲ್ಲಲ್ಲಿ ಒಂದ್ ಸಾಲು ಓದ್ಬಿಟ್ಟೆ! ದನ ಬಿಡಿಸಕ್ಕೆ ಹೋಗಿ ಸತ್ತೋನಂತೆ."

"ಸತ್ತೋರ ಸುದ್ದಿ ಓದಿದ್ರೆ ಇದ್ದೋರ ಹೊಟ್ಟೆ ತುಂಬ್ತದಾ?" ಅಂದ ಸಿದ್ದಪ್ಪ. "ಬಿಎ ಅಂದ್ರೆ ಗಂಡಿನ ಕಡೆಯೋರೂ ಮೂಗು ಮುರೀತಾರೆ ಕಣ್ರೀ."

ಭುವನಾಗೆ ರೇಗಿತು. "ಯಾರ ಜಮೀನು ಯಾರು ಕಿತ್ಕೊಂಡ್ರು, ಯಾರು ಹೊಡೆದಾಡಿ ಉಳಿಸಿದ್ರು ಅಂತ ಕೇಳೋರೇ ಇಲ್ದಂಗಾಗ್ಲಿ ಅಂತಾನೇ ಸರ್ಕಾರದೋರು ಇತಿಹಾಸಕ್ಕೆ ಬಾಗಿಲು ಹಾಕ್ತಿರೋದು. ಬಿಲ್ ಬರೆಯೋರು ಸಾಕು ಅವರಿಗೆ. ನಿಮ್ ಮಗಳು ಕೇಳೋಳಾಗ್ಲಿ ಸಿದ್ದಪ್ಪಣ್ಣ!"

ನಿಶ್ಚಿತಾಳ ಮುಖ ಅರಳಿತು. ಸಿದ್ದಪ್ಪ ನಕ್ಕ. "ಮಾತಲ್ಲಿ ನಿಮ್ಮನ್ನ ಗೆಲ್ಲಕ್ಕಾಗ್ತದಾ? ಆಗ್ಲಿ, ಬರ್ಕಳಿ."

ಭುವನಾ ಅರ್ಜಿಯಲ್ಲಿ 'ಕಲಾ ವಿಭಾಗ' ಎಂದು ಬರೆಯುತ್ತಿರುವಾಗ, ಕ್ಷೇಮ ವಿಚಾರಿಸುವ ಹಾಗೆ ಕೇಳಿದ: "ಕ್ಯಾಂಪಿಗೆ ಕರ್ಕಂಡ್ ಬಂದಿದ್ರಲ್ಲ, ನಿಮ್ ಹುಡುಗಿ ನಯನ, ಅವಳ್ದೂ ಪಿಯುಸಿ ಆಯ್ತಲ್ವಾ? ಇತಿಹಾಸಾನೇ ತಗಂಡ್ಲಾ?"

ಪೆನ್ನು ನಿಂತಿತು. ಹೋದ ವಾರವಷ್ಟೇ ಭುವನಾ ಮಗಳನ್ನು ಕಡೂರಿನಲ್ಲಿ ಬಿಕಾಂಗೆ ಸೇರಿಸಿ ಬಂದಿದ್ದಳು. ಇತಿಹಾಸವೇ ಬೇಕೆಂದು ನಯನ ಅತ್ತಿದ್ದಳು. "ನನ್ ಪಾಡು ನೋಡಿಯೂ ಬುದ್ಧಿ ಬರಲಿಲ್ವೇನೇ?" ಎಂದು ಗದರಿಸಿ ಬಾಯಿ ಮುಚ್ಚಿಸಿದ್ದಳು. ಈಗೊಂದು ಸುಳ್ಳು ಸಾಕಿತ್ತು. ಆದರೆ ನಿಶ್ಚಿತಾ ಅವಳನ್ನೇ ನೋಡುತ್ತಿದ್ದಳು.

"ಬಿಕಾಂ," ಅಂದಳು ಭುವನಾ.

ಸಿದ್ದಪ್ಪ ಹಂಗಿಸಲಿಲ್ಲ. ಹಂಗಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಎಳನೀರು ಕೆತ್ತಿ ಅವಳ ಮುಂದಿಟ್ಟ.

"ನಂಗೂ ಅದೇ ಬರೀರಿ ಮಿಸ್," ನಿಶ್ಚಿತಾ ನೆಲ ನೋಡುತ್ತ ಅಂದಳು. "ನಿಮಗೆ ಗೊತ್ತಿಲ್ದೆ ಇರುತ್ತಾ?"

ಭುವನಾ 'ಕಲಾ' ಎಂಬುದನ್ನು ಹೊಡೆದುಹಾಕಿ 'ವಾಣಿಜ್ಯ' ಎಂದು ಬರೆದಳು.

"ಸೀಟು ಸಿಗ್ತದಲ್ವಾ ಮೇಡಂ?" ಸಿದ್ದಪ್ಪನಿಗೆ ಅದೊಂದೇ ಚಿಂತೆ.

"ಸಿಗುತ್ತೆ," ಅಂದಳು. "ಅದನ್ನ ಯಾರೂ ಮುಚ್ಚಲ್ಲ."