ಸೀಮೆಎಣ್ಣೆಯಲ್ಲಿ ತೊಳೆದದ್ದು

ದೊಡ್ಡಪ್ಪನ ಶೆಡ್ಡಿನಲ್ಲಿ ನನ್ನ ಕೆಲಸ ತೊಳೆಯುವುದು. ಗಾಡಿಯಿಂದ ಬಿಚ್ಚಿದ ಪ್ರತಿ ಸಾಮಾನನ್ನೂ ಸೀಮೆಎಣ್ಣೆ ತುಂಬಿದ ತಗಡಿನ ಟಬ್ಬಿನಲ್ಲಿ ಅದ್ದಿ, ಬ್ರಷ್ಷಿನಿಂದ ಉಜ್ಜಿ, ಒರೆಸಿ, ನೆಲಕ್ಕೆ ಹಾಸಿದ ಹಳೆಯ ಬೆಡ್‌ಶೀಟಿನ ಮೇಲೆ ಬಿಚ್ಚಿದ ಕ್ರಮದಲ್ಲೇ ಜೋಡಿಸಬೇಕು. ಎಡಗಡೆ ಚಕ್ರದ್ದು ಎಡಕ್ಕೆ, ಬಲಗಡೆಯದ್ದು ಬಲಕ್ಕೆ. ಎಂಟನೇ ತರಗತಿಗೆ ಶಾಲೆ ಬಿಟ್ಟ ಮೇಲೆ ಮೂರು ವರ್ಷ ನಾನು ಮನೆಯಲ್ಲೇ ಇದ್ದೆ. ಬಾಗಿಲು ಬಡಿದ ಸದ್ದಾದರೆ ಅಡುಗೆಮನೆಗೆ ಓಡುತ್ತಿದ್ದೆ. ಒಂದು ದಿನ ದೊಡ್ಡಪ್ಪ, "ಇಲ್ಲಿ ಗೋಡೆ ನೋಡ್ಕೊಂಡು ಕೂರೋ ಬದ್ಲು ಅಲ್ಲಿ ನಟ್ಟು ಬೋಲ್ಟು ನೋಡ್ಕೊಂಡು ಕೂರು ಬಾ. ಅವೂ ಮಾತಾಡಲ್ಲ, ನಿಂಗೆ ಸರಿಹೋಗುತ್ತೆ" ಎಂದು ಕರೆದುಕೊಂಡು ಬಂದರು. ಸರಿಯೇ ಹೋಯಿತು.

ಆ ಕಾರು ಬಂದದ್ದು ನಾನು ಸೇರಿದ ಎರಡನೇ ವರ್ಷ. ನಿವೃತ್ತಿಯಾದ ಒಬ್ಬ ನರ್ಸಮ್ಮನದು. ಅವರ ತಂದೆ ಓಡಿಸುತ್ತಿದ್ದದ್ದು. ದೊಡ್ಡಪ್ಪನಿಗಿಂತ ವಯಸ್ಸಾದ, ಕಪ್ಪೆಗಣ್ಣಿನಂಥ ದೀಪಗಳ, ದುಂಡನೆಯ ಗಾಡಿ. ಸಣ್ಣ ಗುಂಡಿಗೆ ಇಳಿದರೂ ಮುಂಭಾಗವೆಲ್ಲ ಗಡಗಡ ಅನ್ನುತ್ತಿತ್ತು. ಬ್ರೇಕು ಒತ್ತಿದರೆ ಎಡಕ್ಕೆ ಎಳೆಯುತ್ತ, ತನಗೆ ಮನಸ್ಸು ಬಂದ ಕಡೆ ನಿಲ್ಲುತ್ತಿತ್ತು.

ದೊಡ್ಡಪ್ಪ ಮುಂದಿನದನ್ನೆಲ್ಲ ಬಿಚ್ಚಿದರು. ತೊಡೆ ದಪ್ಪದ ಸ್ಪ್ರಿಂಗುಗಳನ್ನು ಜಾಕಿನಲ್ಲಿ ಅದುಮಿ ಹಿಡಿದು, ಸರಪಳಿ ಕಟ್ಟಿ, ಕೂದಲೆಳೆಯಷ್ಟೇ ಇಳಿಸುತ್ತ, "ದೂರ ನಿಂತ್ಕೊ. ಇದು ಎಗರಿದ್ರೆ ನನ್ನ ತಲೆನ ಆ ಗೋಡೆ ಮೇಲಿಂದ ಕೆರೆದು ತೆಗೀಬೇಕಾಗುತ್ತೆ" ಎಂದರು. ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ದಪ್ಪ ಪಿನ್ನುಗಳು ಒಂದೇ ಮಗ್ಗುಲಿಗೆ ಸವೆದಿದ್ದವು. ರಬ್ಬರ್ ಬುಷ್ಷುಗಳು ಹಳೆಯ ಬ್ರೆಡ್ಡಿನಂತೆ ಪುಡಿಯಾಗಿದ್ದವು. ಎಲ್ಲವನ್ನೂ ನಾನು ತೊಳೆದು ಜೋಡಿಸಿದೆ.

ನಡುವೆ ಒಂದು ದಿನ ನರ್ಸಮ್ಮ ಬಂದರು. ಬೆಡ್‌ಶೀಟಿನ ಮುಂದೆ ನಿಂತು, "ಆಪರೇಷನ್ ಥಿಯೇಟರಲ್ಲೂ ನಾವು ಇಷ್ಟು ಒಪ್ಪವಾಗಿ ಇಡ್ತಿರ್ಲಿಲ್ಲ. ಯಾರು ಜೋಡ್ಸಿದ್ದು?" ಎಂದರು.

ದೊಡ್ಡಪ್ಪ ಸ್ಪ್ಯಾನರಿನಿಂದಲೇ ನನ್ನ ಕಡೆ ತೋರಿಸಿದರು. "ನಮ್ಮ ಹುಡುಗಿ. ಇವಳ ಕೈ ಸೋಕಿದ್ ಮೇಲೆ ಒಂದು ಕಣ ಧೂಳಿರಲ್ಲ."

ನಾನು ಬಾನೆಟ್ಟಿನ ಮರೆಗೆ ಸರಿದೆ. ಆದರೆ ಆ ಮಾತನ್ನು ಮನೆಗೆ ತೆಗೆದುಕೊಂಡು ಹೋದೆ. ಅನ್ನ ಬಡಿಸಿಕೊಳ್ಳುವಾಗಲೂ ನಗು ಬರುತ್ತಿತ್ತು. ಅಮ್ಮ, "ಏನೇ ಅದು, ಒಬ್ಬಳೇ ಹಲ್ಲು ಕಿರೀತಿದ್ದೀಯ?" ಎಂದಳು.

ಮಾರನೇ ದಿನ ಬ್ರೇಕಿನ ರಬ್ಬರ್ ಕಿಟ್ ಬಂತು. ಕಳುಹಿಸಿದವರು ಬಿಡಿಭಾಗಗಳ ಅಂಗಡಿಯ ಮಾಮ. ಒಂದೇ ಒಂದು ಸ್ಕ್ರೂ ಕೊಂಡರೂ ಕಾಗದದಲ್ಲಿ ಪೊಟ್ಟಣ ಕಟ್ಟಿ ದಾರ ಸುತ್ತಿ ಕೊಡುವುದರಿಂದ ಅವರಿಗೆ ಪೊಟ್ಟಣದ ಮಾಮ ಎಂದೇ ಹೆಸರು. ದೊಡ್ಡಪ್ಪನಿಗೆ ಮೂವತ್ತು ವರ್ಷದ ಸ್ನೇಹಿತರು. ನಾನು ಅಂಗಡಿಗೆ ಹೋದಾಗಲೆಲ್ಲ, "ಏನಮ್ಮಾ, ಇವತ್ತೂ ಬಾಯಿಗೆ ಬೀಗ ಹಾಕ್ಕೊಂಡೇ ಬಂದ್ಯಾ? ಕೀಲಿಕೈ ದೊಡ್ಡಪ್ಪನ ಜೇಬಲ್ಲಿದ್ಯಾ?" ಎನ್ನುತ್ತಿದ್ದರು.

ಪೊಟ್ಟಣದಲ್ಲಿ ನಾಲ್ಕು ಪುಟ್ಟ ರಬ್ಬರ್ ಬಟ್ಟಲುಗಳಿದ್ದವು, ಹೆಬ್ಬೆರಳ ಉಗುರಿನಷ್ಟು. ಬ್ರೇಕಿನ ಸಿಲಿಂಡರಿನೊಳಗೆ ಕೂತು, ಎಣ್ಣೆಯ ಒತ್ತಡಕ್ಕೆ ಮುಂದೆ ಸರಿದು ಚಕ್ರವನ್ನು ಹಿಡಿಸುವುದು ಅವೇ. "ಬ್ರೇಕ್ ಆಯಿಲಲ್ಲಿ ಅದ್ದಿ ಇಟ್ಟಿರು, ಊಟ ಆದ್ಮೇಲೆ ಕೂರಿಸ್ತೀನಿ" ಎಂದು ದೊಡ್ಡಪ್ಪ ಹೊರಗೆ ಹೋದರು.

ರಬ್ಬರಿನ ಮೇಲೆ ಪೌಡರಿನಂಥ ಬಿಳಿ ಪುಡಿ ಇತ್ತು. ಹೊಸ ರಬ್ಬರಿನ ಮೇಲೆ ಅದು ಇದ್ದೇ ಇರುತ್ತದೆ, ಒರೆಸಿದರೆ ಸಾಕು. ನನಗೆ ಸಾಕೆನಿಸಲಿಲ್ಲ. ನನ್ನ ಕೈ ಸೋಕಿದ ಮೇಲೆ ಒಂದು ಕಣವೂ ಇರಬಾರದಲ್ಲ. ನಾಲ್ಕನ್ನೂ ಸೀಮೆಎಣ್ಣೆ ಟಬ್ಬಿಗೆ ಹಾಕಿದೆ. ನೆನೆಯಲಿ ಎಂದು ಊಟಕ್ಕೆ ಕೂತೆ. ಎದ್ದು ಬಂದು ತೆಗೆದು, ಒರೆಸಿ, ಆಮೇಲೆ ಹೇಳಿದ ಹಾಗೆ ಬ್ರೇಕ್ ಆಯಿಲಿನಲ್ಲಿ ಅದ್ದಿಟ್ಟೆ. ಇದ್ದಲಿನಂತೆ ಕಪ್ಪಗೆ ಹೊಳೆಯುತ್ತಿದ್ದವು.

"ಸ್ವಲ್ಪ ಬಿಗಿ ಇದ್ಯಲ್ಲ," ಎಂದರು ದೊಡ್ಡಪ್ಪ, ಕೂರಿಸುವಾಗ. "ಇರ್ಲಿ, ಹೊಸದು." ದೊಡ್ಡಪ್ಪನ ಮೂಗು ಸತ್ತು ಬಹಳ ಕಾಲವಾಗಿತ್ತು. ಗಾಡಿಗಳಿಗೆ ಬಣ್ಣ ಹೊಡೆದು ಹೊಡೆದು, ಹಾಲು ಹೊತ್ತಿದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಕಾರು ಹೋದ ಮೂರನೇ ದಿನ ಬೆಳಿಗ್ಗೆ ಫೋನ್ ಬಂತು. ನರ್ಸಮ್ಮ ತಾವು ಮೂವತ್ತು ವರ್ಷ ದುಡಿದ ಆಸ್ಪತ್ರೆಗೆ, ಹಳೆಯ ಜೊತೆಗಾರರಿಗೆ ತೋರಿಸಲೆಂದೇ ಕಾರು ಒಯ್ದಿದ್ದರು. ಗೇಟಿನ ಮುಂದೆಯೇ ಮುಂದಿನ ಚಕ್ರಗಳು ಹಿಡಿದುಕೊಂಡು, ಹೊಗೆ ಬಂದು, ಕಾರು ನಿಂತುಬಿಟ್ಟಿತ್ತು. ನಾವು ಹೋಗುವಷ್ಟರಲ್ಲಿ ಕಾವಲುಗಾರ ಎರಡು ಬಕೆಟ್ ನೀರು ಸುರಿದಿದ್ದ. ಹಿಂದೆ ಆಂಬುಲೆನ್ಸ್ ಒಂದು ಕೂಗಿಕೊಳ್ಳುತ್ತಿತ್ತು. ಒಳಗಿನಿಂದ ಬಿಳಿ ಬಟ್ಟೆಯವರೆಲ್ಲ ಬಂದು ನೋಡುತ್ತಿದ್ದರು.

"ನಿಲ್ಲಲ್ಲ ಅಂತ ನಿಮ್ಮ ಹತ್ರ ತಂದೆ," ಎಂದರು ನರ್ಸಮ್ಮ. ಮುಖ ಕೆಂಪಾಗಿತ್ತು. "ಈಗ ಹೊರಡೋದೇ ಇಲ್ಲ ಅಂತಿದೆ."

ಶೆಡ್ಡಿಗೆ ಎಳೆದು ತಂದು ಬಿಚ್ಚಿದಾಗ ನಾಲ್ಕೂ ಬಟ್ಟಲುಗಳು ನೆನೆಹಾಕಿದ ಕಡಲೆಯಂತೆ ಊದಿಕೊಂಡಿದ್ದವು. ಊದಿದ ರಬ್ಬರು ಸಿಲಿಂಡರಿನಲ್ಲಿ ಸಿಕ್ಕಿಕೊಂಡು, ಹಿಡಿದ ಬ್ರೇಕು ಬಿಟ್ಟೇ ಇರಲಿಲ್ಲ. ದೊಡ್ಡಪ್ಪ ಒಂದನ್ನು ಬೆರಳ ನಡುವೆ ಹಿಸುಕಿ ನೋಡಿದರು.

"ನೀನು ಬ್ರೇಕ್ ಆಯಿಲ್ ಬಿಟ್ಟು ಬೇರೆ ಏನಾದ್ರೂ ಸೋಕಿಸಿದ್ಯಾ? ಪೆಟ್ರೋಲು, ಸೀಮೆಎಣ್ಣೆ?"

ಆಗ ನನಗೆ ಗೊತ್ತಾಯಿತು, ಊದಿಸಿದ್ದು ನನ್ನ ಸೀಮೆಎಣ್ಣೆ. ಅವರು ಬೈಯುವ ದನಿಯಲ್ಲಿ ಕೇಳಿರಲಿಲ್ಲ, ಕೇಳಬೇಕಲ್ಲ ಎಂದು ಕೇಳಿದ್ದರು. ಇಲ್ಲ ಎಂದು ತಲೆಯಾಡಿಸಿದೆ.

"ಹಾಗಾದ್ರೆ ಇದು ನಕಲಿ ಮಾಲು," ಎಂದರು. "ಹಾಕ್ಕೊ ಚೀಲಕ್ಕೆ. ನಡಿ."

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವರಲ್ಲಿ ಒಬ್ಬರು ಟ್ಯಾಕ್ಸಿ ಸ್ಟ್ಯಾಂಡಿನ ಯಜಮಾನರು, ಆರು ಟ್ಯಾಕ್ಸಿಗಳನ್ನು ಇಟ್ಟವರು. ಅವರು ಕೊಂಡ ಪೊಟ್ಟಣಗಳ ರಾಶಿ ಮುಂದೆ ಕೌಂಟರಿನ ಗಾಜಿನ ಮೇಲಿತ್ತು. ದೊಡ್ಡಪ್ಪ ಚೀಲವನ್ನು ಗಾಜಿನ ಮೇಲೆ ಸುರಿದರು.

"ಏನಯ್ಯಾ ಇದು? ಮೂವತ್ತು ವರ್ಷ ಕಣ್ಮುಚ್ಚಿ ತಗೊಂಡಿದ್ದಕ್ಕೆ ನನ್ನ ತಲೆ ಮೇಲೇ ಕೈ ಇಟ್ಟೆಯಲ್ಲ! ನರ್ಸಮ್ಮ ಹೈವೇಲಿ ಇದ್ದಿದ್ರೆ? ನಕಲಿ ಮಾರಿ ಹೊಟ್ಟೆ ತುಂಬಿಸ್ಕೋಬೇಕಾ ನೀನು?"

"ಸ್ವಲ್ಪ ಮೆಲ್ಲಗೆ ಮಾತಾಡೋ," ಎಂದರು ಪೊಟ್ಟಣದ ಮಾಮ.

"ಯಾಕೆ ಮೆಲ್ಲಗೆ? ಎಲ್ರಿಗೂ ಕೇಳ್ಲಿ!"

ಮಾಮ ಒಂದು ರಬ್ಬರನ್ನು ಎತ್ತಿಕೊಂಡು ತಿರುಗಿಸಿದರು. ಮೂಗಿನ ಹತ್ತಿರ ಹಿಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ಮುಖವನ್ನಲ್ಲ, ಕೈಗಳನ್ನು. ನಾನು ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡೆ. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಲ್ಕು ಗಂಡಸರು ನನ್ನ ಕಡೆ ತಿರುಗುತ್ತಾರೆ ಎನ್ನುವುದಷ್ಟೇ ನನ್ನ ತಲೆಯಲ್ಲಿತ್ತು.

"ಇನ್ನೊಂದು ಕಿಟ್ ಕೊಡ್ತೀನಿ, ತಗೊಂಡ್ ಹೋಗು," ಎಂದರು ಮಾಮ, ಮೆತ್ತಗೆ. ಪೊಟ್ಟಣ ಕಟ್ಟಿ ದಾರ ಸುತ್ತಿದರು. ದೊಡ್ಡಪ್ಪನ ಕೈಗಲ್ಲ, ನನ್ನ ಕೈಗೆ ಕೊಟ್ಟರು.

ಟ್ಯಾಕ್ಸಿ ಯಜಮಾನರು ತಮ್ಮ ರಾಶಿಯನ್ನು ಅಂಗೈಯಿಂದ ಮಾಮನ ಕಡೆ ತಳ್ಳಿ, "ಇವು ಇಲ್ಲೇ ಇರ್ಲಿ" ಎಂದು ಮೆಟ್ಟಿಲಿಳಿದು ಹೋದರು.

ಹೊಸ ರಬ್ಬರನ್ನು ನಾನು ಮುಟ್ಟಲಿಲ್ಲ. ತಲೆನೋವು ಎಂದೆ. ದೊಡ್ಡಪ್ಪ ತಾವೇ ಅದ್ದಿ ಕೂರಿಸಿದರು. ಬ್ರೇಕು ಚೆನ್ನಾಗಿಯೇ ಹಿಡಿಯಿತು, ಚೆನ್ನಾಗಿಯೇ ಬಿಟ್ಟಿತು. ದೊಡ್ಡಪ್ಪ ಆಸ್ಪತ್ರೆಯ ದಾರಿಯಲ್ಲೇ ಮೂರು ಸಲ ಹೋಗಿ ಬಂದು ಪರೀಕ್ಷಿಸಿದರು. ಪ್ರತಿ ಸಂಜೆ ಚಹಾಕ್ಕೆ ಮಾಮನ ಅಂಗಡಿಗೆ ಹೋಗುತ್ತಿದ್ದವರು ಈಗ ಶೆಡ್ಡಿನಲ್ಲೇ ಡ್ರಮ್ಮಿನ ಮೇಲೆ ಕೂತು ಕುಡಿಯತೊಡಗಿದರು. ಅರ್ಧ ಕುಡಿದು ಚೆಲ್ಲುತ್ತಿದ್ದರು. "ನೀನೂ ಹುಷಾರು," ಎಂದರು ನನಗೆ. "ನಂಬಿದವರೇ ಕೈ ಕೊಡೋದು."

ಹೂಂ ಎಂದೆ. ಎರಡು ದಿನ ಹೂಂ ಎನ್ನುತ್ತಲೇ ಇದ್ದೆ. ಯಾರೂ ಕೇಳುತ್ತಿಲ್ಲ, ಕಾರು ಸರಿಹೋಯಿತು, ಮರೆತುಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕೈ ತೊಳೆದಷ್ಟೂ ಸೀಮೆಎಣ್ಣೆ ವಾಸನೆ ಹೋಗುತ್ತಿರಲಿಲ್ಲ. ಅದು ಮೊದಲೂ ಹೋಗುತ್ತಿರಲಿಲ್ಲ, ನಾನು ಗಮನಿಸಿರಲಿಲ್ಲ ಅಷ್ಟೇ.

ಮೂರನೇ ದಿನ ದೊಡ್ಡಪ್ಪ ನರ್ಸಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. "ಗಾಡಿ ರೆಡಿ ಮೇಡಂ. ಕೆಲಸದಲ್ಲಿ ತಪ್ಪಿರ್ಲಿಲ್ಲ, ಮಾಲು ಸರಿಯಿರ್ಲಿಲ್ಲ... ಹೌದು, ಅದೇ ಅಂಗಡಿ... ಹೇಳಿ ಹೇಳಿ, ನಿಮ್ಮ ಪರಿಚಯದವರಿಗೆಲ್ಲ ಹೇಳಿ. ಇನ್ನೊಬ್ರು ಮೋಸ ಹೋಗಬಾರ್ದು." ಫೋನ್ ಇಟ್ಟು ಮತ್ತೆ ಬೇರೊಂದು ಗಾಡಿಯ ಕೆಳಗೆ ನುಸುಳಿದರು. ಹೊರಗೆ ಕಾಣುತ್ತಿದ್ದದ್ದು ಅವರ ಪಾದಗಳು ಮಾತ್ರ. ಪಾದಗಳಿಗೆ ಹೇಳುವುದು ಸುಲಭ ಎನಿಸಿತು.

"ಸೀಮೆಎಣ್ಣೆ," ಎಂದೆ.

"ಏನು? ಬೇಡ ಈಗ."

"ಸೀಮೆಎಣ್ಣೆಲಿ ತೊಳ್ದೆ ದೊಡ್ಡಪ್ಪಾ. ರಬ್ಬರ್‌ನ. ನಾನೇ."

ಸ್ಪ್ಯಾನರಿನ ಸದ್ದು ನಿಂತಿತು. ದೊಡ್ಡಪ್ಪ ಜಾರಿಕೊಂಡು ಹೊರಗೆ ಬಂದು ನೆಲದ ಮೇಲೇ ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಂಗಡಿಲಿ ಯಾಕೆ ಹೇಳ್ಲಿಲ್ಲ?"

"ಜನ ಇದ್ರು."

"ಆ ಜನರ ಮುಂದೆನೇ ಅಲ್ವೇನೇ ನಾನು ಅವನ ಮಾನ ತೆಗೆದಿದ್ದು?"

ಫೋನ್ ತೆಗೆದು ನರ್ಸಮ್ಮನಿಗೆ ಮತ್ತೆ ಮಾಡಿದರು. "ತಪ್ಪು ನಮ್ಮ ಶೆಡ್ಡಿಂದು ಮೇಡಂ. ಅಂಗಡಿ ಮಾತು ಯಾರಿಗೂ ಹೇಳ್ಬೇಡಿ" ಎಂದರು. ನನ್ನ ಹೆಸರು ಎತ್ತಲಿಲ್ಲ. ಎಣ್ಣೆಗೈಯನ್ನು ಒರೆಸಿಕೊಳ್ಳದೆ ಹೊರಟರು. ನಾನು ಹತ್ತು ಹೆಜ್ಜೆ ಹಿಂದೆ.

ಅಂಗಡಿಯಲ್ಲಿ ಯಾರೂ ಗಿರಾಕಿಗಳಿರಲಿಲ್ಲ. ನನಗೆ ಸಮಾಧಾನವಾಯಿತು, ಆ ಸಮಾಧಾನಕ್ಕೇ ನಾಚಿಕೆಯಾಯಿತು. ಹೇಳಿದೆ. ಮಾಮ ದಾರ ಸುತ್ತುತ್ತ ಕೇಳಿಸಿಕೊಂಡರು.

"ವಾಸನೆಲೇ ಗೊತ್ತಾಯ್ತು," ಎಂದರು.

"ಗೊತ್ತಿದ್ದೂ ಸುಮ್ನಿದ್ಯೇನೋ?" ಎಂದರು ದೊಡ್ಡಪ್ಪ. "ನನ್ನ ಬಾಯಿ ಮುಚ್ಚಿಸ್ಬಾರ್ದಿತ್ತಾ?"

"ನಿನ್ನ ಬಾಯಿ ಯಾವಾಗ ಮುಚ್ಚಿತ್ತು? ಮಗು ಅಷ್ಟು ಜನರ ಮುಂದೆ ನಡುಗ್ತಾ ಇತ್ತು. ಹೊರಗೆ ಹೋದ್ಮೇಲೆ ನಿಂಗೆ ಹೇಳ್ತಾಳೆ, ನೀನು ಸಂಜೆ ಚಹಾಕ್ಕೆ ಬರ್ತೀಯ ಅಂತ ಅಂದ್ಕೊಂಡೆ." ಪೊಟ್ಟಣವನ್ನು ಪಕ್ಕಕ್ಕಿಟ್ಟರು. "ಮೂರು ದಿನ ಆಯ್ತು."

ನನ್ನನ್ನು ನೋಡಿ ಹೇಳಲಿಲ್ಲ. ಎಂದಿನ ತಮಾಷೆಯನ್ನೂ ಮಾಡಲಿಲ್ಲ. ಟ್ಯಾಕ್ಸಿ ಯಜಮಾನರು ತಳ್ಳಿದ ರಾಶಿ ಗಾಜಿನ ಮೂಲೆಯಲ್ಲಿ ಹಾಗೇ ಇತ್ತು, ದಾರ ಬಿಚ್ಚದೆ.

ದೊಡ್ಡಪ್ಪ ಅದನ್ನು ನೋಡಿದರು. ನಾನೂ ನೋಡಿದೆ.

"ಅವರು ಮತ್ತೆ ಬರ್ಲಿಲ್ವಾ?" ಎಂದರು ದೊಡ್ಡಪ್ಪ.

"ಇಲ್ಲ. ಸ್ಟ್ಯಾಂಡಿನ ಬೇರೆಯವರೂ ಬಂದಿಲ್ಲ."

ಟ್ಯಾಕ್ಸಿ ಸ್ಟ್ಯಾಂಡು ಎರಡು ಬೀದಿ ಆಚೆ. ದಾರಿಯಲ್ಲಿ ದೊಡ್ಡಪ್ಪ ಒಂದೇ ಮಾತು ಆಡಿದರು: "ಬೈದ ತಪ್ಪನ್ನ ನಾನು ಹೇಳ್ತೀನಿ. ತೊಳೆದಿದ್ದನ್ನ ನೀನೇ ಹೇಳ್ಬೇಕು." ಸಾಲಾಗಿ ನಿಂತ ಗಾಡಿಗಳ ನೆರಳಿನಲ್ಲಿ ಬೆಂಚು ಹಾಕಿಕೊಂಡು ಏಳೆಂಟು ಚಾಲಕರು ಕೂತಿದ್ದರು. ನಡುವೆ ಯಜಮಾನರು ಪೇಪರ್ ಓದುತ್ತಿದ್ದರು. ದೊಡ್ಡಪ್ಪ ಅವತ್ತು ಜೋರು ಮಾಡಿದ್ದು ತಮ್ಮ ತಪ್ಪೆಂದು ಹೇಳಿ, ಪಕ್ಕಕ್ಕೆ ಸರಿದರು. ನನ್ನ ಮುಂದೆ ಯಾರೂ ಇರಲಿಲ್ಲ.

"ಅಂಗಡಿಯವರ ಮಾಲು ಚೆನ್ನಾಗೇ ಇತ್ತು," ಎಂದೆ. "ನಾನು ಸೀಮೆಎಣ್ಣೆಲಿ ತೊಳ್ದೆ. ಅದಕ್ಕೇ ಊದಿದ್ದು."

ಯಜಮಾನರು ಪೇಪರ್ ಇಳಿಸಿದರು. "ಏನಮ್ಮಾ? ಕೇಳಿಸ್ಲಿಲ್ಲ."

ಮತ್ತೆ ಹೇಳಿದೆ. ಈ ಸಲ ಕೊನೆಯ ಬೆಂಚಿನವರೂ ತಲೆಯೆತ್ತಿದರು. ಒಬ್ಬ, "ರಬ್ಬರ್‌ಗೆ ಸೀಮೆಎಣ್ಣೆ ಸ್ನಾನ ಮಾಡಿಸ್ದೋಳು ನೀನೇನಾ!" ಎಂದ. ಎಲ್ಲರೂ ನಕ್ಕರು. ಬೆನ್ನ ಹಿಂದೆ ಹೋಗುತ್ತಿದ್ದ ಕೈಗಳನ್ನು ಮುಂದೆಯೇ ಹಿಡಿದುಕೊಂಡೆ.

"ಹೌದು, ನಾನೇ," ಎಂದೆ.

ಯಜಮಾನರು ನಗಲಿಲ್ಲ. ನನ್ನನ್ನೂ ದೊಡ್ಡಪ್ಪನನ್ನೂ ಒಮ್ಮೆ ನೋಡಿ, "ಸರಿ, ನೋಡೋಣ" ಎಂದು ಪೇಪರ್ ಎತ್ತಿಕೊಂಡರು. ಅಂಗಡಿಗೆ ಹೋಗುತ್ತೇನೆ ಎನ್ನಲಿಲ್ಲ.

"ಅವತ್ತು ಇನ್ನೂ ಮೂರು ಜನ ಇದ್ರು," ಎಂದೆ, ರಸ್ತೆಗೆ ಬಂದ ಮೇಲೆ. "ಒಬ್ರು ಲಾರಿಯವರು. ಅವರ ಗ್ಯಾರೇಜು ನಂಗೆ ಗೊತ್ತು."

ದೊಡ್ಡಪ್ಪ ಆ ದಾರಿಗೆ ತಿರುಗಿದರು.